ಹೂತುಹೋಗದ ಗಾಡಿ

“ಮರಳಿಗೆ ಮಾತ್ರ ಇಳಿಸಬೇಡಿ ಮೇಡಂ,” ಎಂದ ವೆಲ್ಡರ್.

ಲೆಕ್ಕದ ಟೀಚರ್ ಗಾಡಿಯನ್ನು ಇನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳ ಸೊಂಟ ಮುಟ್ಟುವ ಚಕ್ರಗಳು, ಹೆಬ್ಬೆರಳು ಹೂತುಹೋಗುವಷ್ಟು ಆಳದ ಹಲ್ಲುಗಳಿದ್ದ ಟೈರು. ಹೊಸದಾಗಿ ಬಂದಾಗ ಇದ್ದುದಕ್ಕಿಂತ ಒಂದು ಗೇಣು ಮೇಲಕ್ಕೆತ್ತಿದ ಮೈ. ನೀರಲ್ಲಿ ಮುಳುಗಿದರೂ ಎಂಜಿನ್ ಉಸಿರಾಡಲೆಂದು ಛಾವಣಿಯವರೆಗೆ ಏರಿಸಿದ್ದ ಕಪ್ಪು ಕೊಳವೆ. ಮುಂದೆ ದಪ್ಪ ಕಬ್ಬಿಣದ ಬಂಪರು, ಅದರ ನಡುವೆ ಉಕ್ಕಿನ ಹಗ್ಗ ಸುತ್ತಿಕೊಂಡ ವಿಂಚು, ಹೂತ ಗಾಡಿಯನ್ನು ಎಳೆಯುವ ಯಂತ್ರ.

“ಮರಳಿಗೆ ಇಳಿಸೋಕೆ ಅಂತಲೇ ಮಾಡಿರೋ ಗಾಡಿ ಇದು. ಇಳಿಸದೆ ಅಂಗಳದಲ್ಲಿ ನಿಲ್ಲಿಸಿ ಬಟ್ಟೆ ಒಣಗಿಸಲಾ?” ಎಂದಳು.

ಗ್ಯಾರೇಜಿನ ಮಾಲೀಕ ದೊಡ್ಡದಾಗಿ ನಕ್ಕ. ವೆಲ್ಡರ್ ನಗಲಿಲ್ಲ. ಅವನು ಮೂಲೆಯ ಕತ್ತಲಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಅವನ ಬಲಗೈ ಪಕ್ಕದ ಬೆಂಚಿನ ಮೇಲೆ, ಮಡಿಸಿದ ಗೋಣಿಚೀಲದ ಮೇಲೆ, ಯಾರೋ ಇಟ್ಟು ಮರೆತುಹೋದ ವಸ್ತುವಿನ ಹಾಗೆ ಬಿದ್ದಿತ್ತು.

“ಹೂತುಹೋಗತ್ತಾ?”

“ಇಲ್ಲ ಮೇಡಂ. ಹೂತುಹೋಗಲ್ಲ. ಅದೇ ಕಷ್ಟ.”

“ಯಾರೋ ಮಾಟ ಮಾಡಿಸಿದಾರೆ ಅಂತ ಇವನ ಹುಚ್ಚು,” ಎಂದ ಮಾಲೀಕ. “ಕೈ ಬಿದ್ದುಹೋದ ಮೇಲೆ ತಲೆಗೂ ಸ್ವಲ್ಪ ಏರಿದೆ. ನೀವು ತಲೆ ಕೆಡಿಸ್ಕೋಬೇಡಿ.”

“ಮಾಟ ಇದ್ರೆ ಮೈಲೇಜ್ ಏನಾದ್ರೂ ಜಾಸ್ತಿ ಬರತ್ತಾ, ಕೇಳಿ ನೋಡಿ,” ಎಂದು ಟೀಚರ್ ಕೀಲಿಗೆ ಕೈ ಚಾಚಿದಳು.

ಗಾಡಿಯ ಒಳಗೆ ಒದ್ದೆ ಮರಳಿನ ವಾಸನೆಯಿತ್ತು. ಬಿಸಿಲಿಗೆ ಕಾದ ತಗಡಿನ ಕೆಳಗೆ, ಎಲ್ಲೂ ಒಂದು ತೊಟ್ಟು ನೀರಿಲ್ಲದ ಆ ಶೆಡ್ಡಿನಲ್ಲಿ, ಹೊಳೆಯ ತಳದ ತಣ್ಣನೆಯ ವಾಸನೆ. ಅವಳು ಕಿಟಕಿ ಇಳಿಸಿದಳು. ವೆಲ್ಡರ್ ಎಡಗೈಯಿಂದಲೇ ಒಂದು ಹಳೆಯ ದಿಂಬನ್ನು ಕೊಡವಿ, ಕಿಟಕಿಯೊಳಗೆ ಚಾಚಿದ. “ಯಜಮಾನರಿಗೆ ಹುಷಾರಿಲ್ಲ ಅಂದ್ರಲ್ಲ. ಬೆನ್ನಿಗೆ ಇಟ್ಕೊಳ್ಳಲಿ. ಸೀಟು ಸ್ವಲ್ಪ ಗಟ್ಟಿ.”

ಅವಳು ಆ ದಿಂಬನ್ನು ತೆಗೆದುಕೊಂಡಳು. ಮಾತನ್ನು ತೆಗೆದುಕೊಳ್ಳಲಿಲ್ಲ.

ಅವಳಿಗೆ ಬೇರೆ ದಾರಿಯೂ ಇರಲಿಲ್ಲ. ಗಂಡನ ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷವಾಗಿತ್ತು. ವಾರಕ್ಕೆ ಮೂರು ದಿನ ಡಯಾಲಿಸಿಸ್ ಆಗಲೇಬೇಕು. ಆಸ್ಪತ್ರೆ ಹತ್ತಿರವೆಂದೇ ಏಳು ತಿಂಗಳ ಹಿಂದೆ ಈ ಊರಿಗೆ ವರ್ಗ ಮಾಡಿಸಿಕೊಂಡು ಬಂದಿದ್ದಳು. ಆಸ್ಪತ್ರೆಯಿದ್ದದ್ದು ಹೊಳೆಯ ಆಚೆ ದಡದಲ್ಲಿ. ಬಂದ ಆರನೇ ತಿಂಗಳಿಗೆ ಪ್ರವಾಹ ಬಂದು ಸೇತುವೆಯನ್ನೂ, ಗುಡ್ಡದ ಸುತ್ತುರಸ್ತೆಯನ್ನೂ ಒಟ್ಟಿಗೇ ನುಂಗಿತು. ನೀರು ಇದ್ದಷ್ಟು ದಿನ ದೋಣಿ ದಾಟಿಸಿತು; ಇಳಿದಾಗ ಉಳಿದದ್ದು ಅರ್ಧ ಮೈಲಿ ಅಗಲದ ಹಸಿ ಮರಳು. ದೋಣಿ ತೇಲುವಷ್ಟು ನೀರಿಲ್ಲ, ಕಾಲಿಟ್ಟರೆ ನಿಲ್ಲುವಷ್ಟು ನೆಲವೂ ಇಲ್ಲ. ಹೂತ ಒಂದು ಲಾರಿಯ ತಲೆ ಇನ್ನೂ ಕಾಣುತ್ತಿತ್ತು; ಅದರ ಸುತ್ತ ಕೆಂಪು ಬಟ್ಟೆ ಕಟ್ಟಿದ ಕಂಬಗಳು. ಆಚೆ ದಡದಲ್ಲಿ ಆಸ್ಪತ್ರೆ ಬಿಟ್ಟರೆ ಕಾರ್ಖಾನೆಯ ಗೋಡೆ ಮಾತ್ರ, ಬಾಡಿಗೆಗೆ ಒಂದು ಕೋಣೆಯಿಲ್ಲ. ಆಸ್ಪತ್ರೆಯಲ್ಲಿ ಉಳಿಯೋಣವೆಂದರೆ ಡಯಾಲಿಸಿಸ್‌ಗೆ ಇದ್ದದ್ದೇ ಮೂರು ಹಾಸಿಗೆ, ಸರದಿಯಲ್ಲಿ ಇಪ್ಪತ್ತು ಜನ.

ಮೊದಲ ದಿನ ಹೊಳೆಗೆ ಇಳಿದಾಗ ಗಂಡ ಪಕ್ಕದ ಸೀಟಿನಲ್ಲಿ ದಿಂಬಿಗೆ ಒರಗಿ ಕೂತಿದ್ದ. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದವನು. ಹೆಂಡತಿಯ ಡ್ರೈವಿಂಗ್ ನೋಡುವುದು ಅವನಿಗೆ ಡಯಾಲಿಸಿಸ್‌ಗಿಂತ ದೊಡ್ಡ ನೋವು.

“ಕ್ಲಚ್ಚನ್ನ ಹಾಗೆ ತುಳೀಬೇಡ್ವೇ, ಅದೇನು ನಿನ್ನ ಸ್ಟೂಡೆಂಟಾ?”

“ಸುಮ್ನೆ ಕೂತ್ಕೊಳ್ರೀ. ಪ್ರಯಾಣಿಕರು ಡ್ರೈವರ್ ಜೊತೆ ಮಾತಾಡಬಾರದು.”

“ಲೋ ಗೇರಿಗೆ ಹಾಕು. ಹಾಕಿ ಕಾಲು ತೆಗೆದುಬಿಡು. ತಾನಾಗೇ ಹೋಗತ್ತೆ, ಎಮ್ಮೆ ಮನೆಗೆ ಹೋದ ಹಾಗೆ.”

ಹಾಗೇ ಹೋಯಿತು. ಆ್ಯಕ್ಸಿಲರೇಟರ್ ಒತ್ತದೆಯೇ, ನಡಿಗೆಯ ವೇಗದಲ್ಲಿ, ಎಲ್ಲೂ ಜಾರದೆ, ಎಲ್ಲೂ ಕುಸಿಯದೆ. ಮರಳಿಗೆ ಇಳಿದೊಡನೆ ಚಕ್ರದ ಸದ್ದು ಪೂರ್ತಿ ನಿಂತುಹೋಯಿತು. ಎಂಜಿನ್ನಿನ ಗುರುಗುಟ್ಟುವಿಕೆಯ ಕೆಳಗೆ ಬರೀ ಮೌನ. ಗಂಡ ಎದೆ ಉಜ್ಜಿಕೊಂಡ. “ಯಾಕೋ ಭಾರ ಅನ್ನಿಸ್ತಿದೆ.”

“ನನ್ನ ಡ್ರೈವಿಂಗ್ ನೋಡಿ ಹೊಟ್ಟೆಕಿಚ್ಚು,” ಎಂದಳು ಅವಳು. ಆಚೆ ದಡ ಮುಟ್ಟಿದಾಗ ಅವಳ ಕಣ್ಣು ತುಂಬಿಬಂದಿತ್ತು.

ಡಯಾಲಿಸಿಸ್‌ಗೆ ಮೊದಲೂ ಆಮೇಲೂ ರೋಗಿಯನ್ನು ತೂಕಕ್ಕೆ ನಿಲ್ಲಿಸುತ್ತಾರೆ. ಕಿಡ್ನಿ ಹೊರಹಾಕದ ನೀರೆಲ್ಲ ಮೈಯಲ್ಲೇ ನಿಲ್ಲುವುದರಿಂದ, ಎಷ್ಟು ತೆಗೆಯಬೇಕೆಂದು ತೂಕವೇ ಹೇಳಬೇಕು. ಅವನದು ಐವತ್ತನಾಲ್ಕು ಇರಬೇಕು. ಎರಡು ದಿನಕ್ಕೆ ಎರಡು ಕಿಲೋ ಏರುವುದು ಮಾಮೂಲು. ಆ ದಿನ ಅರವತ್ತು ತೋರಿಸಿತು. ಸಿಸ್ಟರ್ ಕಾಟಾ ಬದಲಿಸಿ ನೋಡಿದಳು. ಅರವತ್ತೇ. ನಾಲ್ಕು ಗಂಟೆ ಯಂತ್ರ ಓಡಿದ ಮೇಲೆ ಐವತ್ತೆಂಟು.

ಮುಂದಿನ ಸಲ ಅರವತ್ತೇಳು. ಅದರ ಮುಂದಿನ ಸಲ ಎಂಬತ್ತು.

“ನೀರು ಕುಡೀತಿದಾರೆ ಮೇಡಂ,” ಎಂದಳು ಸಿಸ್ಟರ್ ಮೆಲ್ಲಗೆ, ಅವನಿಗೆ ಕೇಳಿಸದ ಹಾಗೆ. “ಬೈಬೇಡಿ. ಎಲ್ಲರೂ ಕದ್ದು ಕುಡೀತಾರೆ. ಆ ದಾಹ ನಮಗೆ ಗೊತ್ತಾಗಲ್ಲ.”

ಅವನಿಗೆ ದಿನಕ್ಕೆ ಅರ್ಧ ಲೀಟರ್ ನೀರು ಅಂತ ಮಿತಿ. ಅವಳು ಬಾಟಲಿಯ ಮೇಲೆ ಪೆನ್ನಿನಿಂದ ಗೆರೆ ಎಳೆದಳು. ಬೆಳಿಗ್ಗೆ ಇಷ್ಟು, ಮಾತ್ರೆಗೆ ಇಷ್ಟು, ಮಧ್ಯಾಹ್ನ ಇಷ್ಟು. ಅಡುಗೆಮನೆಗೆ ಬೀಗ ಹಾಕಿದಳು. ಸ್ನಾನದ ಮನೆಯ ನಲ್ಲಿಯನ್ನು ಹೊರಗಿನಿಂದ ಬಂದ್ ಮಾಡಿದಳು. ತೂಕ ನೂರು ದಾಟಿದ ದಿನ ಅರ್ಧ ಲೀಟರನ್ನು ಕಾಲು ಲೀಟರ್ ಮಾಡಿದಳು.

“ನಿನ್ನಾಣೆಗೂ ಕುಡಿದಿಲ್ಲ ಕಣೇ.”

“ಕಾಟಾ ಸುಳ್ಳು ಹೇಳತ್ತಾ?”

“ನಾನು ಹೇಳ್ತೀನಾ?”

ಅವನ ತುಟಿ ಬಿರಿದಿತ್ತು. ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ಕೈಕಾಲು ಕಡ್ಡಿಯ ಹಾಗೇ ಇದ್ದವು, ಎಲ್ಲೂ ಊತವಿರಲಿಲ್ಲ. ಅದನ್ನು ನೋಡಿಯೂ ಅವಳು ನೋಡಲಿಲ್ಲ. ಇಪ್ಪತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವಳು, ಅಂಕಿಯನ್ನು ನಂಬಿದಳು, ಗಂಡನ ಮಾತನ್ನು ಬಿಟ್ಟಳು. ಒಂದು ಮಧ್ಯಾಹ್ನ ಅವಳು ಸ್ಕೂಲಿನಿಂದ ಬಂದಾಗ ಅವನು ಒಗೆದ ಟವೆಲ್ಲಿನ ತುದಿಯನ್ನು ಬಾಯಲ್ಲಿಟ್ಟುಕೊಂಡು ಕೂತಿದ್ದ. ಅವಳು ಅದನ್ನೂ ಕಿತ್ತುಕೊಂಡಳು. ಅವನು ಕಿತ್ತುಕೊಳ್ಳಲು ಬಿಟ್ಟ.

ಅದೇ ವಾರ ಮಂಚದ ಹಲಗೆ ಎರಡಾಯಿತು. ಕುರ್ಚಿಯ ಕಾಲು ಮುರಿಯಿತು. ಅವನು ನಡೆದರೆ ಪಕ್ಕದ ಕೋಣೆಯ ಪಾತ್ರೆಗಳು ಸದ್ದು ಮಾಡತೊಡಗಿದವು.

ಅವಳಿಗೆ ನಿಜ ಕಂಡದ್ದು ಆಸ್ಪತ್ರೆಯಿಂದ ಮರಳುವಾಗ, ಮಟಮಟ ಮಧ್ಯಾಹ್ನದಲ್ಲಿ. ಈಚೆ ದಡಕ್ಕೆ ಇನ್ನು ಹತ್ತು ಮಾರು ಇದೆ ಎನ್ನುವಾಗ ಅವನು ಉಸಿರು ಕಟ್ಟುತ್ತಿದೆ, ಇಳಿಯಬೇಕು ಎಂದ. ಇಳಿಸಿದಳು. ಅಲ್ಲಿ ಮರಳು ಗಟ್ಟಿಯಿತ್ತು. ಅವನು ನಾಲ್ಕು ಹೆಜ್ಜೆ ಇಟ್ಟ. ನಾಲ್ಕೂ ಹೆಜ್ಜೆ ಮೊಣಕಾಲಿನವರೆಗೆ ಹೋದವು. ಹೋದಲ್ಲೆಲ್ಲ ನೀರು ಒಸರಿತು.

ಅವನನ್ನು ಎಳೆದು ಕೂರಿಸಿ ಏದುಸಿರು ಬಿಡುತ್ತ ಅವಳು ಹಿಂದೆ ತಿರುಗಿ ನೋಡಿದಳು. ದಾಟಿ ಬಂದ ಅಷ್ಟೂ ಹೊಳೆ ಬಿಸಿಲಲ್ಲಿ ಹೊಳೆಯುತ್ತಿತ್ತು. ಮರಳ ಮೇಲೆ ಹಕ್ಕಿಯ ಕಾಲಿನ ಗುರುತಿತ್ತು. ಗಾಳಿಗೆ ಉರುಳಿದ ಎಲೆಯ ಗೆರೆಯಿತ್ತು. ಎರಡು ಟನ್ ಗಾಡಿಯ ಚಕ್ರದ ಗುರುತು ಎಲ್ಲೂ ಇರಲಿಲ್ಲ.

ಗಾಡಿಯ ಒಳಗಿಂದ ಹೊಳೆಯ ತಳದ ಆ ವಾಸನೆ ಗಪ್ಪೆಂದು ಮುಖಕ್ಕೆ ಬಡಿಯಿತು.

ಮನೆಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ಅಡುಗೆಮನೆಯ ಬೀಗ ತೆಗೆದದ್ದು. ಒಂದು ಗುಟುಕು ನೀರು ಅವನ ತುಟಿಗೆ ಹಿಡಿದಳು. “ಕ್ಷಮಿಸಿಬಿಡ್ರೀ.”

“ಯಾಕೇ, ಮಿತಿ ಮರೆತುಹೋಯ್ತಾ ಟೀಚರಮ್ಮಂಗೆ?” ಎಂದ ಅವನು.

ಅವಳು ಗ್ಯಾರೇಜಿಗೆ ಹೋದಾಗ ವೆಲ್ಡರ್ ಅದೇ ಮೂಲೆಯಲ್ಲಿದ್ದ. ಅವಳನ್ನು ನೋಡಿ ಎದ್ದೇಳಲು ಹೋಗಿ, ಬಲಗೈ ಬೆಂಚಿಗೆ ಹಿಡಿದೆಳೆದ ಹಾಗೆ ಅಲ್ಲೇ ಕುಸಿದ.

“ಯಾರ ಮೇಲೆ ಬಿತ್ತು ಮೇಡಂ?”

“ನಮ್ಮ ಯಜಮಾನರ ಮೇಲೆ.”

ಅವನು ಕಣ್ಣು ಮುಚ್ಚಿಕೊಂಡ. ಆಮೇಲೆ ಹೇಳಿದ, ತಗ್ಗಿದ ದನಿಯಲ್ಲಿ, ತಡೆತಡೆದು. ಗಾಡಿಯ ಮೊದಲ ಯಜಮಾನನೂ ಅವನ ಗೆಳೆಯನೂ ಇದೇ ಹೊಳೆಯ ಮರಳಲ್ಲಿ ಗಾಡಿ ಓಡಿಸುವ ಆಟಕ್ಕೆ ಹೋಗಿದ್ದರು. ಗಾಡಿ ಹೂತಿತು. ತಳ್ಳಲು ಇಳಿದ ಗೆಳೆಯನೂ ಹೂತ. ವಿಂಚಿನ ಹಗ್ಗ ಒಂದೇ. ಯಜಮಾನ ಅದನ್ನು ದಡದ ಮರಕ್ಕೆ ಕಟ್ಟಿ ಮೊದಲು ಗಾಡಿಯನ್ನು ಎಳೆಸಿದ. ತಿರುಗಿ ಬರುವಷ್ಟರಲ್ಲಿ ಗೆಳೆಯನ ಕೈ ಮಾತ್ರ ಮೇಲಿತ್ತು.

“ಆ ಹುಡುಗನ ತಾಯಿ ನನ್ನ ಹತ್ರ ಬಂದರು. ಒಂದು ಸಣ್ಣ ಕಬ್ಬಿಣದ ಡಬ್ಬಿ. ಒಳಗೆ ಅದೇ ಜಾಗದ ಮರಳು, ಮಗನ ಅಂಗಿಯ ತುಂಡು, ಇನ್ನೂ ಏನೇನೋ. ಗಾಡಿಯ ತಳದ ಚಾಸಿಗೆ ಒಳಗಡೆಯಿಂದ ಬೆಸೆದುಬಿಡಪ್ಪ ಅಂದರು. ರಕ್ಷೆ ಅಂದ್ಕೊಂಡೆ ಮೇಡಂ. ಅಷ್ಟು ದುಃಖದಲ್ಲೂ ಅವನ ಗಾಡಿಗೆ ಒಳ್ಳೇದು ಬಯಸ್ತಿದಾರಲ್ಲ ಅಂತ ಕಣ್ಣೀರು ಬಂತು ನನಗೆ. ಬೆಸೆಯೋವಾಗ ಪಕ್ಕದಲ್ಲೇ ನಿಂತು ಹೇಳಿದರು, ‘ಈ ಗಾಡಿ ಇನ್ನು ಹೂತುಹೋಗದೇ ಇರಲಿ. ಇದರ ಭಾರ, ಓಡಿಸುವವನು ಯಾರಿಗೋಸ್ಕರ ಓಡಿಸ್ತಾನೋ ಅವರ ಮೇಲೆ ಬೀಳಲಿ.’”

“ಕತ್ತರಿಸಿ ತೆಗೀಬಾರದಿತ್ತಾ?”

“ಕಟರ್ ಹಿಡಿದ ಕೈ ಇದು.”

ಅವಳು ಆ ಕೈಯನ್ನು ಎರಡೂ ಕೈಯಿಂದ ಎತ್ತಿ ನೋಡಿದಳು. ಬೆರಳು ಕೂಡ ಅಲುಗಲಿಲ್ಲ.

“ಇಳಿಸೋ ದಾರಿ?”

“ಇಳಿಯಲ್ಲ ಮೇಡಂ. ಬದಲಾಗತ್ತೆ ಅಷ್ಟೆ. ಮೊದಲು ಆ ಹಳೇ ಯಜಮಾನನ ಹೆಂಡತಿ ಮೇಲೆ ಬಿತ್ತು. ಒಂದು ದಿನ ತನ್ನ ತಾಯಿಗೆ ಎದೆನೋವು ಅಂತ ತಾಯಿಗೋಸ್ಕರ ಓಡಿಸಿದ. ಹೆಂಡತಿ ಹೂವಿನ ಹಾಗೆ ಎದ್ದು ನಿಂತಳು. ತಾಯಿ ಏಳಲಿಲ್ಲ. ಹನ್ನೊಂದು ಜನ ಹೊತ್ತರು ಆ ಮುದುಕಿಯನ್ನ.”

“ನಾನು ನನಗೋಸ್ಕರ ಓಡಿಸಿದ್ರೆ?”

ವೆಲ್ಡರ್ ಅವಳನ್ನು ಕನಿಕರದಿಂದ ನೋಡಿದ. “ಪಕ್ಕದಲ್ಲಿ ಅವರು ಕೂತಿರೋವಾಗ ನಿಮ್ಮ ಮನಸ್ಸು ನಿಮಗೋಸ್ಕರ ಓಡತ್ತಾ? ಬಾಯಿ ಏನು ಬೇಕಾದ್ರೂ ಹೇಳಬಹುದು. ಅದು ಮನಸ್ಸನ್ನ ನೋಡತ್ತೆ.”

ಅವಳು ಗಾಡಿಯನ್ನು ಮುಟ್ಟಬಾರದೆಂದು ತೀರ್ಮಾನಿಸಿದಳು. ಮೊದಲ ದಿನ ಹೆಲಿಕಾಪ್ಟರಿಗೆಂದು ಮೂರು ಆಫೀಸಿಗೆ ಫೋನು ಮಾಡಿದಳು. ಎರಡನೇ ದಿನ ಸೇತುವೆಯ ಎಂಜಿನಿಯರನ ಎದುರು ಕೈ ಮುಗಿದು ನಿಂತಳು. ಅವನು ತನ್ನ ಊಟದ ಡಬ್ಬಿಯನ್ನು ಅವಳ ಮುಂದಿಟ್ಟು, ಇನ್ನೂ ನಾಲ್ಕು ತಿಂಗಳಾಗುತ್ತದೆ ತಾಯಿ ಎಂದ. ಮೂರನೇ ದಿನ ಗಂಡನಿಗೆ ಮಲಗಿದರೆ ಉಸಿರು ಬರಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಕೂತರೂ ಬರಲಿಲ್ಲ. ಅವನ ಬಾಯಿಂದ ಅಮೋನಿಯದಂಥ ಘಾಟು ಬರುತ್ತಿತ್ತು. ಎದೆಬಡಿತ ಒಂದು ಬಡಿದು, ಎರಡು ಬಿಟ್ಟು, ಮತ್ತೆ ಬಡಿಯುತ್ತಿತ್ತು. ಆಸ್ಪತ್ರೆಯ ಸಿಸ್ಟರ್ ಫೋನಿನಲ್ಲಿ ಅಳುದನಿಯಲ್ಲಿ ಹೇಳಿದಳು, “ಮಧ್ಯಾಹ್ನದೊಳಗೆ ಕರ್ಕೊಂಡು ಬನ್ನಿ ಮೇಡಂ. ನನ್ನ ಕೈಲಾದ್ರೆ ಹೊತ್ಕೊಂಡು ಬರ್ತಿದ್ದೆ.”

ಬೀದಿಯ ಎಂಟು ಜನ ಸೇರಿ ಅವನನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿ ಎತ್ತಿದರು. ಕಡ್ಡಿಯಂಥ ಆ ಮನುಷ್ಯನನ್ನು ಹೊತ್ತು ಎಲ್ಲರ ಕತ್ತಿನ ನರ ಉಬ್ಬಿತು. ಎದುರುಮನೆಯ ದರ್ಜಿ ಬೆವರು ಒರೆಸಿಕೊಳ್ಳುತ್ತ, “ಚಳಿಗೆ ಮೈ ಸ್ವಲ್ಪ ಬಿಗಿದಿದೆ, ಅಷ್ಟೆ ಮೇಡಂ,” ಎಂದ.

ಗಾಡಿ ಮರಳಿಗಿಳಿಯಿತು. ಸದ್ದು ನಿಂತಿತು.

“ನನಗೋಸ್ಕರ,” ಎಂದಳು ಅವಳು, ಸ್ಟಿಯರಿಂಗನ್ನು ಅವುಚಿ ಹಿಡಿದು. “ನನಗೋಸ್ಕರ ಹೋಗ್ತಿದೀನಿ. ನನಗೆ ಆಸ್ಪತ್ರೆಯಲ್ಲಿ ಕೆಲಸ ಇದೆ. ನನಗೇ ಎದೆನೋವು. ನನಗೋಸ್ಕರ. ನನಗೋಸ್ಕರ.”

ಪಕ್ಕದಲ್ಲಿ ಸೀಟಿನ ಬೋಲ್ಟು ಒಂದು ಕಿತ್ತು ಹಾರಿತು.

ಮೋಡ ಕವಿದಿತ್ತು. ಕಪ್ಪು ಗಾಜಿನ ಒಳಗೆ ಕತ್ತಲು ತುಂಬಿತ್ತು. ಅವನ ಉಸಿರು ಒದ್ದೆ ಬಟ್ಟೆ ಹಿಂಡಿದ ಹಾಗೆ ಕೇಳಿಸುತ್ತಿತ್ತು. ಇನ್ನೊಂದು ಬೋಲ್ಟು. ಸೀಟು ಕುಸಿಯಿತು. ತಳದ ತಗಡು ಬಾಗಿತು. ಅವನ ಪಕ್ಕೆಲುಬು ಲಟಕ್ಕೆಂದಿತು. ಅವನು ಕೂಗಲಿಲ್ಲ. ಕೂಗಲು ಉಸಿರಿರಲಿಲ್ಲ. ಅವನ ಬಲಗೈ ಮಾತ್ರ ಹುಡುಕಿಕೊಂಡು ಬಂದು ಅವಳ ಮಣಿಕಟ್ಟನ್ನು ಮುಟ್ಟಿತು. ಕಲ್ಲಿನ ಹಾಗೆ ಬಿತ್ತು.

ಹೊಳೆ ಇನ್ನೂ ಅರ್ಧ ಉಳಿದಿತ್ತು.

ಅವಳು ಅವನ ಮುಖ ನೋಡಿದಳು. ಕೆಂಪು ಬಟ್ಟೆಯ ಕಂಬಗಳನ್ನು ನೋಡಿದಳು. ಲೆಕ್ಕವನ್ನು ಒಂದೇ ಕ್ಷಣಕ್ಕೆ ಬಿಡಿಸಿದಳು: ಓಡಿಸುವವರು ಬದಲಾಗಬೇಕು.

ಗೇರು ಲೋದಲ್ಲೇ ಇತ್ತು. ಕಾಲು ತೆಗೆದಳು. ಗಾಡಿ ತಾನಾಗಿ ತೆವಳುತ್ತಿತ್ತು. ಅವಳು ಬಾಗಿಲು ತೆರೆದು ಹಾರಿದಳು. ಓಡಿದಳು. ಕಂಬಗಳ ನಡುವೆ ನುಗ್ಗಿದಳು. ಒಂದು ಹೆಜ್ಜೆ. ಎರಡು. ಮೂರನೆಯದಕ್ಕೆ ನೆಲವಿರಲಿಲ್ಲ. ತೊಡೆ. ಸೊಂಟ. ತಣ್ಣನೆಯ ಮರಳು ಹೊಟ್ಟೆಯನ್ನು ಹಿಡಿಯಿತು.

“ರೀ! ಹೂತುಹೋಗ್ತಿದೀನಿ! ಬನ್ರೀ! ನನ್ನನ್ನ ಎತ್ರೀ!”

ಚಾಲಕನಿಲ್ಲದ ಗಾಡಿ ನೇರವಾಗಿ ಹೋಗುತ್ತಿತ್ತು. ಅವಳನ್ನು ಬಿಟ್ಟು ಹೋಗುತ್ತಿತ್ತು. ಎದೆ. ಕಂಕುಳು. ಅವಳು ಮತ್ತೆ ಕೂಗಿದಳು. ಬಾಯಿಗೆ ಮರಳು ಬಂತು.

ಗಾಡಿಯ ಒಳಗೆ ಒಂದು ಕೈ ಎದ್ದಿತು.

ಅದನ್ನು ಅವನು ಹೇಗೆ ಎತ್ತಿದನೋ. ಎತ್ತಿದ. ಬೆರಳು ಸ್ಟಿಯರಿಂಗಿಗೆ ಸಿಕ್ಕಿತು. ಎಳೆದ. ಗಾಡಿಯ ಮೂತಿ ಇಷ್ಟಿಷ್ಟೇ, ಇಷ್ಟಿಷ್ಟೇ ಅವಳ ಕಡೆ ತಿರುಗಿತು.

ಆ ಕ್ಷಣ ಅವಳ ಹೆಗಲ ಮೇಲೆ ಆಕಾಶ ಕಳಚಿ ಬಿತ್ತು.

ಗದ್ದ. ಬಾಯಿ. ಕಣ್ಣಿನ ಮುಂದೆ ಮರಳಿನ ಕಣಗಳು ಒಂದೊಂದೂ ದೊಡ್ಡದಾಗಿ ಕಂಡವು. ಬಾಗಿಲು ಬಡಿದ ಸದ್ದು. ಓಡಿ ಬರುವ ಹೆಜ್ಜೆ, ಹಗುರ ಹೆಜ್ಜೆ. ತಲೆಯ ಮೇಲೆ ಎತ್ತಿದ್ದ ಅವಳ ಕೈಗಳಿಗೆ ಏನೋ ಬಿಗಿಯಿತು. ವಿಂಚು ತಿರುಗತೊಡಗಿತು. ಗಾಡಿಯನ್ನೇ ಎಳೆಯಬಲ್ಲ ಆ ಯಂತ್ರ ಒಬ್ಬ ಹೆಂಗಸನ್ನು ಎಳೆಯಲು ನರಳಿತು, ಹೊಗೆಯಾಡಿತು. ಅವಳ ಎಡತೋಳಿನ ಕೀಲು ಬುಡದಲ್ಲಿ ಕಳಚಿತು. ಆಮೇಲೆ ಬೆಳಕು.

“ಬಸ್ ಡ್ರೈವರ್ ಕಣೇ ನಾನು,” ಎಂದು ಅವನು ಅಳುತ್ತ ನಗುತ್ತಿದ್ದ. “ಪ್ರಯಾಣಿಕರನ್ನ ಬಿಟ್ಟು ಹೋಗ್ತೀನಾ?”

ಆಸ್ಪತ್ರೆಯ ಕಾಟಾ ಅವನ ತೂಕ ಐವತ್ತೊಂಬತ್ತು ಎಂದಿತು. ಸಿಸ್ಟರ್ ಸಂತೋಷದಿಂದ ಚಪ್ಪಾಳೆ ತಟ್ಟಿದಳು. ಟೀಚರ್ ವರಾಂಡದ ನೆಲದ ಮೇಲೆಯೇ ಕೂತು ತೋಳಿನ ಕೀಲು ಕೂಡಿಸಿಕೊಂಡಳು. ಬೆಂಚಿನ ಮೇಲೆ ಕೂರಿ ಎಂದವರಿಗೆ ಬೇಡವೆಂದಳು.

ಅವನಿಗೆ ಅವಳು ಏನನ್ನೂ ಹೇಳಲಿಲ್ಲ. ಡಯಾಲಿಸಿಸ್ ತಪ್ಪಿದ್ದಕ್ಕೆ ನೀರು ತುಂಬಿ ಭಾರವಾಗಿತ್ತು, ಈಗ ಇಳಿಯಿತು ಎಂದೇ ಅವನು ತಿಳಿದಿದ್ದ. ತಾನಿನ್ನು ಓಡಿಸುವುದಿಲ್ಲ, ತೋಳು ನೋವು, ಮಂಡಿ ನೋವು ಎಂದಳು. ಅವನಿಗೆ ಒಳಗೊಳಗೇ ಹಿಗ್ಗು. ಎರಡು ವರ್ಷದ ಮೇಲೆ ಸ್ಟಿಯರಿಂಗ್ ಕೈಗೆ ಬಂದಿತ್ತು. ಮುಖಕ್ಕೆ ರಕ್ತ ಬಂತು. ವಾರಕ್ಕೆ ಮೂರು ದಿನ ತಲೆ ಬಾಚಿ, ಸಿಳ್ಳೆ ಹಾಕುತ್ತ, ಒಬ್ಬನೇ ಹೋಗಿ ಬರತೊಡಗಿದ.

ಸ್ಕೂಲಿನಲ್ಲಿ ಹೆಡ್‌ಮೇಡಂ ಕೇಳದೆಯೇ ಅವಳ ತರಗತಿಯನ್ನು ಕೆಳಮಹಡಿಗೆ ಬದಲಿಸಿದರು. ಎರಡು ವಾರಕ್ಕೆ ಅವಳಿಗೆ ಸ್ಕೂಲಿಗೂ ಹೋಗಲಾಗಲಿಲ್ಲ. ಮಂಚ ಬೇಡವೆಂದು ನೆಲದ ಮೇಲೆ ಹಾಸಿಗೆ ಹಾಸಿಕೊಂಡಳು. ಒಂದು ದಿನ ಹಳೆಯ ನೋಟ್‌ಬುಕ್ಕು ತೆಗೆದು ಬರೆದಳು: ಸೇತುವೆಗೆ ಇನ್ನು ಹದಿನಾಲ್ಕು ವಾರ, ವಾರಕ್ಕೆ ಆರು ದಾಟು, ಪ್ರತಿ ದಾಟಿಗೂ ಹಿಂದಿನದಕ್ಕಿಂತ ಹೆಚ್ಚು. ಮೂರನೇ ಸಾಲಿಗೆ ಪೆನ್ನು ನಿಂತಿತು. ಲೆಕ್ಕವನ್ನು ಅರ್ಧಕ್ಕೇ ಬಿಟ್ಟದ್ದು ಜೀವಮಾನದಲ್ಲಿ ಅದೇ ಮೊದಲು.

ಇವತ್ತು ಅವನು ಹೊರಡುವ ಮುಂಚೆ ಅವಳ ಪಕ್ಕ ಬಂದು ಮಂಡಿಯೂರಿದ. ಮಂಡಿಗೆ ಎಣ್ಣೆ ಹಚ್ಚಿಹೋಗಲಾ ಎಂದ. ಹೊದಿಕೆ ಸರಿಮಾಡಿದ.

“ನಿಜ ಹೇಳ್ಲಾ? ನನಗಂತೂ ಆ ಸೂಜಿ ಸಾಕಾಗಿಹೋಗಿದೆ. ಒಬ್ಬನೇ ಆಗಿದ್ದಿದ್ರೆ ಎಂದೋ ಬಿಟ್ಟುಬಿಡ್ತಿದ್ದೆ. ನಿನಗೋಸ್ಕರ ಹೋಗ್ತಿದೀನಿ ಕಣೇ.”

ಅವಳ ಬಾಯಿವರೆಗೆ ಒಂದು ಮಾತು ಬಂತು. ಅವನ ಕೆನ್ನೆಯ ಮೇಲಿನ ಬಣ್ಣ ನೋಡಿದಳು. ನುಂಗಿಕೊಂಡಳು.

“ಗೊತ್ತು ರೀ. ಹುಷಾರಾಗಿ ಹೋಗಿಬನ್ನಿ.”

ಗಾಡಿ ಹೊರಟಿತು. ಅವಳು ಎರಡೂ ಅಂಗೈಯನ್ನು ನೆಲಕ್ಕೆ ಒತ್ತಿ ಹಿಡಿದು ಕಿವಿಗೊಟ್ಟಳು. ದರ್ಜಿಯ ಮನೆ ದಾಟಿತು. ತಿರುವಿನಲ್ಲಿ ಹಾರ್ನು ಹಾಕಿದ, ಅವಳಿಗಾಗಿ. ಇಳಿಜಾರಿನ ಜಲ್ಲಿಕಲ್ಲು ಚಕ್ರದಡಿ ಕರಕರ ಅಂದಿತು. ಇನ್ನೂ ಸ್ವಲ್ಪ ಅಂದಿತು.

ಆಮೇಲೆ ಸದ್ದು ನಿಂತಿತು. ಅವಳ ಬೆನ್ನ ಕೆಳಗೆ ಕಲ್ಲಿನ ಚಪ್ಪಡಿ ಬಿರುಕುಬಿಟ್ಟಿತು.